ಜಿಡಿಎ ಪರೀಕ್ಷೆಗೆ ತಯಾರಿ: ಮೈಸೂರು, ಮಂಡ್ಯದ ಅಭ್ಯರ್ಥಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸ್ ಮಾಡುತ್ತಿರುವವರಿಗೆ, ಮಾಡಬೇಕು ಅಂತ ಯೋಚಿಸುತ್ತಿರುವವರಿಗೆ ಈ ಬರಹ. ವಾರ್ಡ್‌ನಲ್ಲಿ ಎಲ್ಲರೂ ಇದನ್ನು ಜಿಡಿಎ ಅಂತಲೇ ಕರೆಯುತ್ತಾರೆ. ರೋಗಿಯನ್ನು ಏಳಿಸಿ ಕೂರಿಸುವುದು, ಮೈ ಒರೆಸುವುದು, ಊಟ ಮಾಡಿಸುವುದು, ಬೆಡ್‌ಪ್ಯಾನ್ ಕೊಡುವುದು, ನಾಡಿ ಮತ್ತು ಬಿಪಿ ನೋಡಿ ಸಿಸ್ಟರ್‌ಗೆ ಹೇಳುವುದು ಇವರ ಕೆಲಸ. ಇವರು ಒಂದು ಶಿಫ್ಟ್ ಬರದಿದ್ದರೆ ಇಡೀ ವಾರ್ಡ್ ಪರದಾಡುತ್ತದೆ.

ಪರೀಕ್ಷೆ ಹತ್ತಿರ ಬಂದಾಗ ಹೆಚ್ಚಿನವರು ನೋಟ್ಸ್ ಹಿಡಿದು ಉರು ಹೊಡೆಯುತ್ತಾರೆ. ಥಿಯರಿ ಹೇಗೋ ಪಾಸಾಗುತ್ತದೆ. ಪ್ರಾಕ್ಟಿಕಲ್‌ನಲ್ಲಿ ಪರೀಕ್ಷಕರು ಎದುರಿಗೆ ನಿಂತು "ಈ ರೋಗಿಯನ್ನು ವೀಲ್‌ಚೇರ್‌ಗೆ ಕೂರಿಸಿ" ಅಂದಾಗ ಕೈ ನಡುಗುತ್ತದೆ, ಬಾಯಿ ಕಟ್ಟುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಪ್ರತಿಯೊಂದು ಕೆಲಸವನ್ನೂ ಮನೆಯಲ್ಲಿ ಯಾರಾದರೊಬ್ಬರ ಮೇಲೆ, ಬಾಯಿಬಿಟ್ಟು ಹೇಳುತ್ತಾ ಮಾಡಿ. ಅಮ್ಮ, ಅಜ್ಜಿ, ತಮ್ಮ, ಹಾಸ್ಟೆಲ್ ಗೆಳತಿ, ಯಾರಾದರೂ ಸರಿ. ಮುಂದೆ ಬರೆದಿರುವುದೆಲ್ಲ ಹೀಗೆ ಅಭ್ಯಾಸ ಮಾಡುವವರಿಗಾಗಿ.

ಸೇರುವ ಮುಂಚೆ ನೋಡಬೇಕಾದ್ದು

ಜಿಡಿಎ ಸರ್ಟಿಫಿಕೇಟ್ ಇದ್ದರೆ ನರ್ಸ್ ಆದಂತಲ್ಲ. ನರ್ಸ್ ಆಗಬೇಕಾದರೆ ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಮಾಡಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಕೆಲವು ಕಡೆ "ಆರು ತಿಂಗಳಲ್ಲಿ ನರ್ಸ್ ಆಗಿ" ಅಂತ ಬೋರ್ಡ್ ಹಾಕಿ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಹಳ್ಳಿಯಿಂದ ಬರುವ ಹೆಣ್ಣುಮಕ್ಕಳೇ ಇದಕ್ಕೆ ಜಾಸ್ತಿ ಬಲಿಯಾಗುವುದು. ಇದು ನನಗೆ ತುಂಬಾ ಸಂಕಟದ ವಿಷಯ. ದಯವಿಟ್ಟು ವಿಚಾರಿಸದೆ ದುಡ್ಡು ಕಟ್ಟಬೇಡಿ.

ಏನು ವಿಚಾರಿಸಬೇಕು? ಕೋರ್ಸ್ ಆರೋಗ್ಯ ಕ್ಷೇತ್ರದ ಕೌಶಲ್ಯ ಕೋರ್ಸ್‌ಗಳನ್ನು ನೋಡಿಕೊಳ್ಳುವ ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನದ್ದಾ ಅಂತ ಕೇಳಿ. ಜಿಡಿಎಗೆ ಎಚ್‌ಎಸ್‌ಎಸ್/ಕ್ಯೂ5101 ಎಂಬ ಕೋಡ್ ಇದೆ, ಅದನ್ನು ತೋರಿಸಲು ಹೇಳಿ. ಹೋಮ್ ಹೆಲ್ತ್ ಏಡ್ ಎಂಬುದು ಬೇರೆ ಕೋರ್ಸ್, ಅದರ ಕೋಡ್ ಎಚ್‌ಎಸ್‌ಎಸ್/ಕ್ಯೂ5102. ಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಅದು ಹೊಂದುತ್ತದೆ. ಪ್ರಧಾನ ಮಂತ್ರಿ ಕೌಶಲ್ ವಿಕಾಸ್ ಯೋಜನೆಯಲ್ಲಾಗಲಿ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆಯಲ್ಲಾಗಲಿ ಸೀಟು ಸಿಕ್ಕರೆ ತರಬೇತಿಗೆ ನೀವು ಫೀಸು ಕಟ್ಟಬೇಕಿಲ್ಲ. ರಾಜ್ಯದ ಕೌಶಲ್ಕರ್ ಪೋರ್ಟಲ್, ಕೇಂದ್ರದ ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್ ಎರಡನ್ನೂ ನೋಡಿ. ಮೈಸೂರಿನಲ್ಲೂ ಮಂಡ್ಯದಲ್ಲೂ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿ ಇದೆ. ಒಂದು ಸಲ ಖುದ್ದಾಗಿ ಹೋಗಿ, ನೀವು ಸೇರಬೇಕೆಂದಿರುವ ಸೆಂಟರ್‌ನ ಹೆಸರು ಹೇಳಿ ಕೇಳಿದರೆ ಅನುಮಾನ ಪರಿಹಾರವಾಗುತ್ತದೆ.

ದಾಖಲೆ ವಿಷಯದಲ್ಲಿ ಒಂದೇ ಮಾತು. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದಬೇಕು. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದರೂ ಆಮೇಲೆ ಸರ್ಟಿಫಿಕೇಟ್‌ನಲ್ಲಿ ತೊಂದರೆಯಾಗಬಹುದು. ಕೋರ್ಸ್ ಶುರುವಾಗುವ ಮುಂಚೆಯೇ ಸರಿಪಡಿಸಿಕೊಳ್ಳಿ. ಹಾಜರಿಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಹಾಜರಿ ಸಾಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಹಬ್ಬ, ಮದುವೆ, ನಾಟಿ ಕೆಲಸ ಅಂತ ರಜೆ ಹಾಕುವವರು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಪರೀಕ್ಷೆ ಹೇಗಿರುತ್ತದೆ

ಥಿಯರಿ ಒಂದು ಭಾಗ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು, ಹೆಚ್ಚಾಗಿ ಟ್ಯಾಬ್ ಅಥವಾ ಕಂಪ್ಯೂಟರ್ ಮೇಲೆ. ಇನ್ನೊಂದು ಭಾಗ ಪ್ರಾಕ್ಟಿಕಲ್. ಕೆಲಸ ಮಾಡಿ ತೋರಿಸಬೇಕು, ಜೊತೆಗೆ ವೈವಾ, ಅಂದರೆ ಬಾಯಿಮಾತಿನ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ಪರೀಕ್ಷಕರು ನಿಮ್ಮ ಸೆಂಟರ್‌ನವರಲ್ಲ, ಹೊರಗಿನಿಂದ ಬರುತ್ತಾರೆ. ನಿಮ್ಮ ಮೇಡಂಗೆ ನೀವು ಚೆನ್ನಾಗಿ ಮಾಡುತ್ತೀರಿ ಅಂತ ಗೊತ್ತು, ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಆ ಕೆಲವು ನಿಮಿಷ ನೀವು ಮಾಡಿದ್ದು, ಹೇಳಿದ್ದು ಅಷ್ಟೇ ಲೆಕ್ಕಕ್ಕೆ.

ಪ್ರಶ್ನೆಗಳು ಯಾವ ಭಾಷೆಯಲ್ಲಿ ಬರುತ್ತವೆ ಅಂತ ಬ್ಯಾಚ್ ನೋಂದಾಯಿಸುವಾಗಲೇ ಸೆಂಟರ್‌ನಲ್ಲಿ ಕೇಳಿ. ಕನ್ನಡದಲ್ಲಿ ಬಂದರೂ ಆಸ್ಪತ್ರೆಯ ಪದಗಳು ಇಂಗ್ಲಿಷಿನವೇ ಇರುತ್ತವೆ. ಸುಪೈನ್ (ಅಂಗಾತ ಮಲಗಿರುವುದು), ಫೌಲರ್ಸ್ (ತಲೆಭಾಗ ಎತ್ತಿ ಒರಗಿ ಕೂತಿರುವುದು), ಎನ್‌ಪಿಒ, ಟಿಪಿಆರ್ (ಉಷ್ಣತೆ, ನಾಡಿ, ಉಸಿರು), ಇನ್‌ಟೇಕ್ ಔಟ್‌ಪುಟ್ (ದೇಹಕ್ಕೆ ಹೋದ, ದೇಹದಿಂದ ಹೊರಬಂದ ದ್ರವದ ಲೆಕ್ಕ). ಇವನ್ನು ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ಬರೆದಿಡಿ, ಎದುರಿಗೆ ಅರ್ಥ ನಿಮ್ಮ ಮಾತಿನಲ್ಲೇ ಇರಲಿ. ಎನ್‌ಪಿಒ ಎದುರು "ಬಾಯಿಗೆ ಏನೂ ಕೊಡಬಾರದು, ಒಂದು ಗುಟುಕು ನೀರೂ ಸಹ" ಅಂತ ಬರೆದುಕೊಂಡವರು ಅದನ್ನು ಮರೆಯುವುದಿಲ್ಲ.

ಓದಲು ಆರು ವಾರ ಇದೆ ಅಂದುಕೊಳ್ಳಿ. ಮೊದಲ ಎರಡು ವಾರ ಕೈ ತೊಳೆಯುವುದು, ನಾಡಿ, ಬಿಪಿ, ಉಷ್ಣತೆ. ಆಮೇಲಿನ ಎರಡು ವಾರ ರೋಗಿಯ ಆರೈಕೆ: ಹಾಸಿಗೆ, ಸ್ನಾನ, ಊಟ, ಏಳಿಸುವುದು, ಕೂರಿಸುವುದು. ಐದನೇ ವಾರ ಕಸ ವಿಂಗಡಣೆ, ತುರ್ತು ಸಂದರ್ಭ, ಬೆಂಕಿ. ಕೊನೆಯ ವಾರ ಹೊಸದೇನೂ ಬೇಡ. ಗೆಳತಿಯನ್ನೇ ಪರೀಕ್ಷಕಿ ಮಾಡಿ ದಿನಕ್ಕೆ ಎರಡು ಕೆಲಸ ಮಾಡಿ ತೋರಿಸಿ.

ಕೈ ತೊಳೆಯುವುದು

ಎಲ್ಲ ಕೆಲಸವೂ ಇಲ್ಲಿಂದಲೇ ಶುರು, ಇಲ್ಲಿಗೇ ಮುಗಿಯುವುದು. ಸೋಪು ನೀರಿನಲ್ಲಾದರೆ ಒಟ್ಟು 40ರಿಂದ 60 ಸೆಕೆಂಡ್, ಹ್ಯಾಂಡ್ ರಬ್ (ಕೈಗೆ ಉಜ್ಜುವ ಸ್ಯಾನಿಟೈಸರ್) ಆದರೆ 20ರಿಂದ 30 ಸೆಕೆಂಡ್. ಅಂಗೈಗೆ ಅಂಗೈ, ಕೈ ಹಿಂಭಾಗ, ಬೆರಳ ಸಂದು, ಬೆರಳುಗಳ ಹಿಂಬದಿ, ಹೆಬ್ಬೆರಳು, ಕೊನೆಗೆ ಬೆರಳ ತುದಿ ಮತ್ತು ಉಗುರು. ಹೆಬ್ಬೆರಳನ್ನು ಬಿಡುವವರೇ ಜಾಸ್ತಿ. ತೊಳೆದ ಕೈಯಿಂದಲೇ ನಲ್ಲಿ ಮುಚ್ಚಿದರೆ ತೊಳೆದದ್ದು ವ್ಯರ್ಥ. ಪೇಪರ್ ಟವೆಲ್ ಹಿಡಿದು ಮುಚ್ಚಿ, ಇಲ್ಲವೇ ಮೊಣಕೈಯಿಂದ ಮುಚ್ಚಿ. ಕೈ ಮತ್ತೆ ಕೊಳಕಾದಂತೆ ಕಂಡರೆ ಹ್ಯಾಂಡ್ ರಬ್ ಸಾಲದು, ಸೋಪೇ ಬೇಕು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಸಂದರ್ಭಗಳನ್ನು ವೈವಾದಲ್ಲಿ ಕೇಳುತ್ತಾರೆ. ರೋಗಿಯನ್ನು ಮುಟ್ಟುವ ಮುಂಚೆ. ಶುಚಿಯಾಗಿ ಮಾಡಬೇಕಾದ ಕೆಲಸದ ಮುಂಚೆ. ರಕ್ತ, ಮೂತ್ರ, ಕಫದಂಥದ್ದು ತಗಲುವ ಕೆಲಸ ಆದ ಮೇಲೆ. ರೋಗಿಯನ್ನು ಮುಟ್ಟಿದ ಮೇಲೆ. ರೋಗಿಯ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಕೊನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ರೋಗಿಯನ್ನು ಮುಟ್ಟಿಲ್ಲ, ಬರೀ ಮಂಚದ ಕಂಬಿ ಹಿಡಿದಿರಿ ಅಷ್ಟೇ. ಆದರೂ ಕೈ ತೊಳೆಯಲೇಬೇಕು.

ಗ್ಲೌಸ್ ಹಾಕಿದ್ದೇನಲ್ಲ, ಕೈ ಯಾಕೆ ತೊಳೆಯಬೇಕು ಅಂತ ಕೇಳುವವರಿದ್ದಾರೆ. ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ತೂತು ಇರಬಹುದು. ಬಿಚ್ಚುವಾಗ ಹೊರಬದಿ ಚರ್ಮಕ್ಕೆ ತಗಲುತ್ತದೆ. ಹಾಕುವ ಮುಂಚೆ ಒಮ್ಮೆ, ಬಿಚ್ಚಿದ ಮೇಲೆ ಒಮ್ಮೆ ತೊಳೆಯಿರಿ.

ನಾಡಿ, ಉಸಿರು, ಉಷ್ಣತೆ, ಬಿಪಿ

ವಯಸ್ಕರ ಸಾಮಾನ್ಯ ಅಂಕಿಗಳು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು. ನಾಡಿ ನಿಮಿಷಕ್ಕೆ 60ರಿಂದ 100. ಉಸಿರು 12ರಿಂದ 20. ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಫ್ಯಾರನ್‌ಹೀಟ್. ಬಿಪಿ 120/80ರ ಆಸುಪಾಸು. ಆಕ್ಸಿಜನ್ ಪ್ರಮಾಣ ಶೇ. 95ರಿಂದ 100.

ನಾಡಿಯನ್ನು ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕಡೆ ನೋಡುತ್ತೇವೆ. ತೋರುಬೆರಳು, ನಡುಬೆರಳು ಇಡಬೇಕು. ಹೆಬ್ಬೆರಳು ಇಡಬಾರದು, ಯಾಕೆಂದರೆ ಅದರಲ್ಲಿ ನಿಮ್ಮದೇ ನಾಡಿ ಸಿಗುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ. ಮೂವತ್ತು ಸೆಕೆಂಡ್ ಎಣಿಸಿ ಎರಡರಿಂದ ಗುಣಿಸುವ ಅಭ್ಯಾಸ ವಾರ್ಡ್‌ನಲ್ಲಿದೆ. ಪರೀಕ್ಷೆಯಲ್ಲಿ ಅದು ಬೇಡ. ಬಡಿತ ಸಮವಾಗಿದೆಯಾ, ನಡುವೆ ತಪ್ಪುತ್ತಿದೆಯಾ ಅಂತಲೂ ಹೇಳಿ.

ಉಸಿರು ಎಣಿಸುವುದರಲ್ಲಿ ಒಂದು ಸೂಕ್ಷ್ಮ ಇದೆ. "ಅಮ್ಮ, ನಿಮ್ಮ ಉಸಿರು ಎಣಿಸ್ತೀನಿ" ಅಂದ ತಕ್ಷಣ ಅವರ ಉಸಿರಾಟ ಬದಲಾಗುತ್ತದೆ. ಯಾರಾದರೂ ಗಮನಿಸುತ್ತಿದ್ದಾರೆ ಅಂದರೆ ಸಹಜವಾಗಿ ಉಸಿರಾಡಲು ಆಗಲ್ಲ. ಅದಕ್ಕೆ ನಾಡಿ ಎಣಿಸಿ ಮುಗಿದ ಮೇಲೂ ಮಣಿಕಟ್ಟಿನ ಮೇಲಿನ ಬೆರಳು ತೆಗೆಯಬೇಡಿ. ಅವರ ಕೈಯನ್ನು ಎದೆಯ ಮೇಲೆ ಹಗುರವಾಗಿ ಇಡಿಸಿ. ನಾಡಿ ನೋಡುತ್ತಿರುವಂತೆಯೇ ಇದ್ದು, ಎದೆ ಮೇಲೆ ಹೋಗಿ ಕೆಳಗೆ ಬರುವುದನ್ನು ಒಂದು ಅಂತ ಲೆಕ್ಕ ಹಿಡಿಯಿರಿ. ಹೀಗೆ ಒಂದು ನಿಮಿಷ. ಪರೀಕ್ಷಕರು ಇದನ್ನು ಗಮನಿಸುತ್ತಾರೆ. ಮನೆಯಲ್ಲಿ ಅಜ್ಜಿ ಮಧ್ಯಾಹ್ನ ಒರಗಿಕೊಂಡಿರುವಾಗ ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ಸಮಯವಿಲ್ಲ.

ಬಾಯಲ್ಲಿ ಥರ್ಮಾಮೀಟರ್ ಇಡುವ ಮುಂಚೆ ಕಾಫಿ, ಟೀ, ತಣ್ಣೀರು ಏನಾದರೂ ಕುಡಿದಿದ್ದಾರಾ ಕೇಳಿ. ಕುಡಿದಿದ್ದರೆ 15 ನಿಮಿಷ ಬಿಟ್ಟು ನೋಡಿ. ಕಂಕುಳಲ್ಲಿ ನೋಡಿದರೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಕಡಿಮೆ ತೋರಿಸುತ್ತದೆ. ಅದಕ್ಕೇ ಎಲ್ಲಿ ನೋಡಿದಿರಿ ಅಂತ ಬರೆಯಬೇಕು. ಕಂಕುಳ ಬೆವರು ಒರೆಸಿ ಇಡಿ.

ಬಿಪಿ ನೋಡುವಾಗ ರೋಗಿ ಐದು ನಿಮಿಷ ಸುಮ್ಮನೆ ಕೂತಿರಬೇಕು. ಕಾಲು ಮೇಲೆ ಕಾಲು ಹಾಕಿರಬಾರದು. ತೋಳು ಎದೆಯ ಮಟ್ಟದಲ್ಲಿರಲಿ. ಕಫ್ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ. ಬಟ್ಟೆಯ ಮೇಲೆ ಕಟ್ಟಬೇಡಿ. ಡ್ರಿಪ್ ಹೋಗುತ್ತಿರುವ ಕೈ, ಡಯಾಲಿಸಿಸ್‌ಗೆ ಫಿಸ್ಟುಲಾ (ಆಪರೇಷನ್ ಮಾಡಿ ರಕ್ತನಾಳಗಳನ್ನು ಜೋಡಿಸಿದ್ದು) ಮಾಡಿರುವ ಕೈ, ಸ್ತನ ತೆಗೆದ ಆಪರೇಷನ್ ಆದ ಕಡೆಯ ಕೈ, ಈ ಮೂರರಲ್ಲೂ ಬಿಪಿ ನೋಡಬಾರದು. ಇದು ಪರೀಕ್ಷೆಗೂ ಮುಖ್ಯ, ರೋಗಿಯ ಜೀವಕ್ಕೂ ಮುಖ್ಯ. ಪಲ್ಸ್ ಆಕ್ಸಿಮೀಟರ್ ಹಾಕುವಾಗ ನೇಲ್ ಪಾಲಿಶ್, ದಟ್ಟ ಮೆಹಂದಿ ಇರುವ ಬೆರಳು ಬಿಟ್ಟು ಬೇರೆ ಬೆರಳು ಹುಡುಕಿ. ಬೆರಳು ತಣ್ಣಗಿದ್ದರೂ ಅಂಕಿ ತಪ್ಪು ಬರುತ್ತದೆ.

ಅಂಕಿ ಸಿಕ್ಕ ಮೇಲೆ ಬರೆಯಿರಿ, ಸಿಸ್ಟರ್‌ಗೆ ಹೇಳಿ. "ಬಿಪಿ ಜಾಸ್ತಿ ಇದೆ" ಅಂದರೆ ಸಾಲದು. "ಮೂರನೇ ಬೆಡ್ ತಾತನಿಗೆ ಬಲಗೈಯಲ್ಲಿ 160/100 ಬಂದಿದೆ ಸಿಸ್ಟರ್, ತಲೆನೋವು ಅಂತಿದ್ದಾರೆ" ಅಂತ ಹೇಳಿ.

ಹಾಸಿಗೆಯಿಂದ ವೀಲ್‌ಚೇರ್‌ಗೆ

ಈ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಎಲ್ಲವೂ ಸೇರಿದೆ. ರೋಗಿ ಒಬ್ಬ ತಾತ, ಪಾರ್ಶ್ವವಾಯು ಆಗಿ ಎಡಭಾಗ ಸೋತಿದೆ ಅಂದುಕೊಳ್ಳಿ.

ಬಾಗಿಲು ತಟ್ಟಿ ಒಳಗೆ ಹೋಗಿ. ನಿಮ್ಮ ಹೆಸರು ಹೇಳಿ. "ತಾತ, ನಿಮ್ಮ ಹೆಸರೇನು?" ಅಂತ ಅವರ ಬಾಯಿಂದಲೇ ಹೇಳಿಸಿ, ಕೈಪಟ್ಟಿಯಲ್ಲಿರುವ ಹೆಸರು ಮತ್ತು ಐಪಿ ನಂಬರ್ (ಒಳರೋಗಿಯ ನೋಂದಣಿ ಸಂಖ್ಯೆ) ಜೊತೆ ತಾಳೆ ನೋಡಿ. "ನೀವು ಇಂಥವರೇ ಅಲ್ವಾ?" ಅಂತ ಕೇಳಬೇಡಿ. ಕಿವಿ ಮಂದವಾದವರು ಎಲ್ಲದಕ್ಕೂ ಹೂಂ ಅನ್ನುತ್ತಾರೆ. ಏನು ಮಾಡುತ್ತೀರಿ ಅಂತ ಹೇಳಿ, ಅವರು ಸರಿ ಅನ್ನುವ ತನಕ ಕಾಯಿರಿ. ಪರದೆ ಎಳೆಯಿರಿ. ಕೈ ತೊಳೆಯಿರಿ.

ವೀಲ್‌ಚೇರನ್ನು ಅವರ ಬಲಗಡೆಗೆ, ಅಂದರೆ ಶಕ್ತಿ ಇರುವ ಕಡೆಗೆ, ಮಂಚದ ಪಕ್ಕ ಓರೆಯಾಗಿ ನಿಲ್ಲಿಸಿ. ಎರಡೂ ಬ್ರೇಕ್ ಹಾಕಿ. ಹಾಕಿದ್ದೇನೆ ಅಂತ ಬಾಯಿಬಿಟ್ಟು ಹೇಳಿ. ಕಾಲಿಡುವ ಪಟ್ಟಿಗಳನ್ನು ಮೇಲೆತ್ತಿ. ಮಂಚದ ಚಕ್ರವೂ ಲಾಕ್ ಆಗಿರಲಿ, ಮಂಚ ತಗ್ಗಿರಲಿ. ತಾತನನ್ನು ಮಂಚದ ಅಂಚಿಗೆ ಕೂರಿಸಿ, ಕಾಲು ನೆಲಕ್ಕೆ ತಾಗಲಿ, ಜಾರದ ಚಪ್ಪಲಿ ಹಾಕಿಸಿ. ಇಲ್ಲಿ ಒಂದೆರಡು ನಿಮಿಷ ನಿಲ್ಲಿ. "ತಲೆ ಸುತ್ತುತ್ತಾ ತಾತ?" ಅಂತ ಕೇಳಿ. ಬಹಳ ಹೊತ್ತು ಮಲಗಿದವರು ಏಕ್‌ದಂ ಎದ್ದರೆ ಬಿಪಿ ಇಳಿದು ಬೀಳುತ್ತಾರೆ.

ಆಮೇಲೆ ಅವರ ಎದುರು ನಿಂತು, ನಿಮ್ಮ ಕಾಲುಗಳನ್ನು ಅಗಲಿಸಿ, ಮೊಣಕಾಲು ಮಡಚಿ, ಬೆನ್ನು ನೇರ ಇಟ್ಟುಕೊಳ್ಳಿ. ನಿಮ್ಮ ಮೊಣಕಾಲು ಅವರ ಸೋತ ಮೊಣಕಾಲಿಗೆ ಆಸರೆಯಾಗಲಿ. ರೋಗಿಯನ್ನು ಏಳಿಸಲೆಂದು ಸೊಂಟಕ್ಕೆ ಕಟ್ಟುವ ಬೆಲ್ಟ್ ಇದ್ದರೆ ಅದನ್ನು ಹಿಡಿಯಿರಿ. ಕಂಕುಳಿಗೆ ಕೈ ಹಾಕಿ ಎತ್ತಬಾರದು, ಸೋತ ಕೈಯನ್ನು ಎಳೆಯಲೇಬಾರದು, ಭುಜದ ಕೀಲು ಜರುಗುತ್ತದೆ. "ಒಂದು, ಎರಡು, ಮೂರು ಅಂದಾಗ ಏಳೋಣ" ಅಂತ ಹೇಳಿ ಒಟ್ಟಿಗೆ ಎದ್ದು, ಬಲಗಡೆಗೆ ಸಣ್ಣ ಹೆಜ್ಜೆಯಲ್ಲಿ ತಿರುಗಿ. ಕುರ್ಚಿಯ ಅಂಚು ಕಾಲ ಹಿಂಬದಿಗೆ ತಾಗಿತಾ ಕೇಳಿ. ಬಲಗೈಯಲ್ಲಿ ಕುರ್ಚಿ ಕೈ ಹಿಡಿಯಲು ಹೇಳಿ, ನಿಧಾನವಾಗಿ ಕೂರಿಸಿ. ಕಾಲು ಪಟ್ಟಿಯ ಮೇಲಿಡಿ. ಸೋತ ಎಡಗೈಯನ್ನು ದಿಂಬಿನ ಮೇಲಿಡಿ, ಇಲ್ಲದಿದ್ದರೆ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಕರೆಗಂಟೆ ಕೈಗೆ ಸಿಗುವಂತಿಟ್ಟು, ಮತ್ತೆ ಕೈ ತೊಳೆಯಿರಿ.

ಎತ್ತುವುದಕ್ಕೆ ಬಲ ಬೇಕು ಅಂತ ಅಂದುಕೊಂಡವರು ಇಲ್ಲಿ ಸೋಲುತ್ತಾರೆ. ಅಂಕ ಬರುವುದು ಬ್ರೇಕಿಗೆ, ಕೇಳುವುದಕ್ಕೆ, ಕಾಯುವುದಕ್ಕೆ.

ಮೈ ಒರೆಸುವುದು, ಊಟ, ಹಾಸಿಗೆ

ಸ್ಪಂಜ್ ಬಾತ್‌ಗೆ ನೀರಿನ ಬಿಸಿ ಮೊದಲು ನೀವು ನೋಡಿ, ಆಮೇಲೆ ರೋಗಿಗೂ ಮುಟ್ಟಿಸಿ ಕೇಳಿ. ಕಣ್ಣು ಮೊದಲು, ಸೋಪಿಲ್ಲದೆ, ಮೂಗಿನ ಕಡೆಯಿಂದ ಹೊರಗೆ. ಒಂದೊಂದು ಕಣ್ಣಿಗೆ ಬಟ್ಟೆಯ ಬೇರೆ ಬೇರೆ ಭಾಗ. ಒರೆಸುವ ಭಾಗ ಮಾತ್ರ ತೆರೆದಿರಲಿ, ಉಳಿದದ್ದು ಮುಚ್ಚಿರಲಿ. ಹೆಂಗಸರಿಗೆ ಗುಪ್ತಾಂಗ ಒರೆಸುವಾಗ ಮುಂದಿನಿಂದ ಹಿಂದಕ್ಕೇ ಒರೆಸಬೇಕು. ತಿರುಗಿಸಿ ಒರೆಸಿದರೆ ಮೂತ್ರದ ಸೋಂಕು ಬರುತ್ತದೆ. ಯೂರಿನ್ ಬ್ಯಾಗ್ ಯಾವಾಗಲೂ ರೋಗಿಯ ಹೊಟ್ಟೆಗಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಬಟ್ಟೆ ಹಾಕುವಾಗ ಸೋತ ಕೈ ಮೊದಲು, ಬಿಚ್ಚುವಾಗ ಶಕ್ತಿ ಇರುವ ಕೈ ಮೊದಲು.

ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆಡ್‌ಸೋರ್, ಅಂದರೆ ಒತ್ತಡದಿಂದ ಚರ್ಮದಲ್ಲಿ ಹುಣ್ಣು ಆಗುತ್ತದೆ. ಬೆನ್ನಿನ ಕೆಳಗಿನ ಮೂಳೆ, ಹಿಮ್ಮಡಿ, ಸೊಂಟದ ಪಕ್ಕ, ಮೊಣಕೈ, ತಲೆಯ ಹಿಂಭಾಗ, ಇವನ್ನು ದಿನಾ ನೋಡಿ. ಚರ್ಮ ಕೆಂಪಾಗಿ, ಒತ್ತಿದರೂ ಬಿಳುಚದಿದ್ದರೆ ತಕ್ಷಣ ಸಿಸ್ಟರ್‌ಗೆ ಹೇಳಿ. ಅದರ ಮೇಲೆ ಎಣ್ಣೆ ಹಾಕಿ ತಿಕ್ಕಬಾರದು. ಮನೆಯವರು ತಿಕ್ಕಲು ಹೇಳುತ್ತಾರೆ, ಪ್ರೀತಿಯಿಂದಲೇ ಹೇಳುತ್ತಾರೆ. ಒಳಗೆ ಹಾಳಾದ ಚರ್ಮ ಇನ್ನೂ ಹರಿಯುತ್ತದೆ ಅಂತ ಅವರಿಗೆ ಸಮಾಧಾನವಾಗಿ ತಿಳಿಸಿ. ರೋಗಿ ಕೆಳಗೆ ಜಾರಿದ್ದರೆ ಎಳೆಯಬೇಡಿ. ಇಬ್ಬರು ಸೇರಿ ಡ್ರಾಶೀಟ್ (ರೋಗಿಯ ಮೈ ಕೆಳಗೆ ಅಡ್ಡಲಾಗಿ ಹಾಸಿದ ಬಟ್ಟೆ) ಹಿಡಿದು ಎತ್ತಿ ಮೇಲಕ್ಕೆ ತನ್ನಿ.

ಊಟದ ವಿಷಯಕ್ಕೆ ಬಂದರೆ ನಮ್ಮ ಕಡೆಯದ್ದೇ ಒಂದು ಮಾತಿದೆ. ಮಂಡ್ಯ ಕಡೆಯ ಹಿರಿಯರು ಆಸ್ಪತ್ರೆಯಲ್ಲೂ ಮುದ್ದೆ ಕೇಳುತ್ತಾರೆ. ಅನ್ನ ಇಳಿಯಲ್ಲ ಅಂತಾರೆ. ಮುದ್ದೆ ಅಗಿಯದೆ ನುಂಗುವ ಊಟ. ಪಾರ್ಶ್ವವಾಯು ಆದವರಿಗೆ ನುಂಗುವ ಶಕ್ತಿಯೇ ಕುಂದಿರಬಹುದು, ತುತ್ತು ಗಂಟಲಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಬರುತ್ತದೆ. ಮನೆಯಿಂದ ಟಿಫಿನ್ ಕ್ಯಾರಿಯರ್ ಬಂದಿದ್ದರೂ ಸಿಸ್ಟರ್ ಅಥವಾ ಡಯಟಿಷಿಯನ್‌ರನ್ನು ಕೇಳದೆ ಕೊಡಬೇಡಿ. ಊಟ ಮಾಡಿಸುವಾಗ ರೋಗಿಯನ್ನು ನೆಟ್ಟಗೆ ಕೂರಿಸಿ, ನೀವೂ ಎದುರಿಗೆ ಕೂತುಕೊಳ್ಳಿ. ತುತ್ತು ಶಕ್ತಿ ಇರುವ ಕಡೆಯ ದವಡೆಗೆ ಇಡಿ. ಒಂದು ತುತ್ತು ನುಂಗಿದ ಮೇಲೆ ಇನ್ನೊಂದು. ಸೋತ ಕಡೆಯ ಕೆನ್ನೆಯಲ್ಲಿ ಅನ್ನ ಉಳಿದಿದೆಯಾ ನೋಡಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ಇನ್‌ಟೇಕ್ ಔಟ್‌ಪುಟ್ ಲೆಕ್ಕ ಸುಲಭ, ಆದರೆ ಬರೆಯುವುದನ್ನು ಮರೆಯುತ್ತಾರೆ. ಒಂದು ಉದಾಹರಣೆ ನೋಡಿ. ರೋಗಿ ಕಾಫಿ 150 ಮಿ.ಲೀ., ಗಂಜಿ 200, ನೀರು 250, ಎಳನೀರು 300 ಕುಡಿದಿದ್ದಾರೆ. ಡ್ರಿಪ್ 500 ಹೋಗಿದೆ ಅಂತ ಸಿಸ್ಟರ್ ಹೇಳಿದ್ದಾರೆ. ಒಟ್ಟು 1,400. ಮೂತ್ರ ಮೂರು ಸಲ: 350, 400, 250. ವಾಂತಿ 100. ಒಟ್ಟು 1,100. ಎಳನೀರು ಕೊಡುವ ಮುಂಚೆ ಮಾತ್ರ ಕೇಳಲೇಬೇಕು. ಮದ್ದೂರಿನಿಂದ ನೆಂಟರು ಪ್ರೀತಿಯಿಂದ ತಂದಿರುತ್ತಾರೆ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ರೋಗಿಗೆ ಅದು ಅಪಾಯ.

ನಾಲ್ಕು ಬಣ್ಣ

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಮೇಲೆ ಪ್ರಶ್ನೆ ಬಂದೇ ಬರುತ್ತದೆ ಅಂದುಕೊಂಡು ಓದಿ. ಹಳದಿ: ದೇಹದ ಭಾಗ, ರಕ್ತ ಅಂಟಿದ ಹತ್ತಿ ಮತ್ತು ಬ್ಯಾಂಡೇಜ್, ಅವಧಿ ಮುಗಿದ ಔಷಧ. ಕೆಂಪು: ಬಳಸಿದ ಪ್ಲಾಸ್ಟಿಕ್, ಅಂದರೆ ಡ್ರಿಪ್ ಸೆಟ್, ಕ್ಯಾತಿಟರ್, ಯೂರಿನ್ ಬ್ಯಾಗ್, ಗ್ಲೌಸ್, ಸೂಜಿ ತೆಗೆದ ಸಿರಿಂಜ್. ಬಿಳಿ, ಚುಚ್ಚಿದರೂ ತೂತಾಗದ ಡಬ್ಬಿ: ಸೂಜಿ, ಬ್ಲೇಡ್. ನೀಲಿ: ಗಾಜಿನ ಬಾಟಲು, ವೈಯಲ್, ದೇಹದಿಂದ ತೆಗೆದ ಲೋಹದ ಇಂಪ್ಲಾಂಟ್. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಊಟದ ಎಲೆ, ಹಣ್ಣಿನ ಸಿಪ್ಪೆ ಇವು ಯಾವುದಕ್ಕೂ ಹೋಗಲ್ಲ, ಮಾಮೂಲಿ ಕಸದ ಬುಟ್ಟಿಗೆ. ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಯಾರನ್ನಾದರೂ ನೋಡಲು ಹೋದಾಗ ಗೋಡೆ ಪಕ್ಕದ ಈ ಬಕೆಟ್‌ಗಳನ್ನು ಒಂದು ನಿಮಿಷ ನೋಡಿ. ಚಾರ್ಟ್ ಉರು ಹೊಡೆಯುವುದಕ್ಕಿಂತ ಬೇಗ ನೆನಪಿಗೆ ಬರುತ್ತದೆ.

ತುರ್ತು ಸಂದರ್ಭ

ರೋಗಿ ಪ್ರಜ್ಞೆ ಇಲ್ಲದೆ ಬಿದ್ದಿದ್ದಾರೆ. ಜಾಗ ಸುರಕ್ಷಿತವಾ ನೋಡಿ, ಭುಜ ತಟ್ಟಿ ಕೂಗಿ, ಸಹಾಯಕ್ಕೆ ಕರೆಯಿರಿ. ಹತ್ತು ಸೆಕೆಂಡ್ ಮೀರದಂತೆ ಉಸಿರು, ನಾಡಿ ನೋಡಿ. ಇಲ್ಲವಾದರೆ ಸಿಪಿಆರ್, ಅಂದರೆ ಎದೆ ಒತ್ತಿ ಉಸಿರು ಕೊಡುವುದು ಶುರು. ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳ, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. 30 ಒತ್ತು, 2 ಉಸಿರು. ಆಸ್ಪತ್ರೆಯ ಹೊರಗಾದರೆ 108ಕ್ಕೆ ಕರೆ.

ಫಿಟ್ಸ್ ಬಂದಾಗ ಕೈಗೆ ಬೀಗದ ಕೈ, ಕಬ್ಬಿಣ ಹಿಡಿಸುವುದು ನಮ್ಮಲ್ಲಿ ಇನ್ನೂ ಇದೆ. ಅದರಿಂದ ಏನೂ ಆಗಲ್ಲ. ಬಾಯಿಗೆ ಚಮಚ, ಬಟ್ಟೆ ತುರುಕುವುದಂತೂ ಅಪಾಯ. ಸುತ್ತಲಿನ ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತಗಿನದ್ದೇನಾದರೂ ಇಟ್ಟು, ಒಂದು ಮಗ್ಗುಲಿಗೆ ತಿರುಗಿಸಿ. ಎಷ್ಟು ಹೊತ್ತಾಯಿತು ಅಂತ ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ದೊಡ್ಡ ತುರ್ತು. ಒತ್ತಿ ಹಿಡಿಯಬೇಡಿ.

ಗಂಟಲಲ್ಲಿ ಸಿಕ್ಕಿಕೊಂಡು ಮಾತೂ ಬರುತ್ತಿಲ್ಲ, ಕೆಮ್ಮೂ ಬರುತ್ತಿಲ್ಲ ಅಂದರೆ ಬೆನ್ನಿಗೆ ಐದು ಪೆಟ್ಟು, ಆಮೇಲೆ ಹೊಕ್ಕುಳ ಮೇಲ್ಭಾಗದಲ್ಲಿ ಐದು ಸಲ ಒಳಕ್ಕೂ ಮೇಲಕ್ಕೂ ಒತ್ತಿ. ಬೆಂಕಿ ಬಿದ್ದರೆ ಮೊದಲು ರೋಗಿ ಹೊರಗೆ, ಆಮೇಲೆ ಅಲಾರಂ, ಆಮೇಲೆ ಬಾಗಿಲು ಮುಚ್ಚುವುದು, ಕೊನೆಗೆ ನಂದಿಸುವುದು. ಬೆಂಕಿ ನಂದಿಸುವ ಸಿಲಿಂಡರ್‌ನ ಪಿನ್ ಕಿತ್ತು, ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಅದುಮಿ, ಅತ್ತಿತ್ತ ಆಡಿಸಿ.

ನಿಮ್ಮ ಕೆಲಸ ಎಲ್ಲಿಗೆ ನಿಲ್ಲುತ್ತದೆ

ಥಿಯರಿಯಲ್ಲೂ ವೈವಾದಲ್ಲೂ ಜಾಣರು ಎಡವುವುದು ಇಲ್ಲೇ. "ಡ್ರಿಪ್ ಬಾಟಲು ಖಾಲಿಯಾಗಿದೆ, ಏನು ಮಾಡುತ್ತೀರಿ?" "ಉಸಿರು ಕಷ್ಟವಾಗುತ್ತಿದೆ, ಆಕ್ಸಿಜನ್ ಜಾಸ್ತಿ ಮಾಡುತ್ತೀರಾ?" "ಮಾತ್ರೆ ಟೇಬಲ್ ಮೇಲಿದೆ, ಕೊಡುತ್ತೀರಾ?" ಮೂರಕ್ಕೂ ಉತ್ತರ ಒಂದೇ: ತಕ್ಷಣ ಸಿಸ್ಟರ್‌ಗೆ ಹೇಳುತ್ತೇನೆ. ಇಂಜೆಕ್ಷನ್, ಔಷಧ, ಡ್ರಿಪ್, ಆಕ್ಸಿಜನ್ ಪ್ರಮಾಣ ಜಿಡಿಎ ಕೆಲಸವಲ್ಲ. ಉಸಿರು ಕಷ್ಟವಿದ್ದವರನ್ನು ದಿಂಬಿಗೆ ಒರಗಿಸಿ ಕೂರಿಸುವುದು ನಿಮ್ಮ ಕೆಲಸ. ಅದನ್ನೂ ಸೇರಿಸಿ ಹೇಳಿದರೆ ಪರೀಕ್ಷಕರಿಗೆ ಸಮಾಧಾನವಾಗುತ್ತದೆ. ಮುಂದೆ ಕೆಲಸಕ್ಕೆ ಸೇರಿದಾಗ ಯಾರಾದರೂ "ಆಳು ಕಡಿಮೆ ಇದ್ದಾರೆ, ನೀನೇ ಇಂಜೆಕ್ಷನ್ ಕೊಟ್ಟುಬಿಡು" ಅಂದರೂ ಇದೇ ಮಾತು ಹೇಳುವ ಧೈರ್ಯ ಇರಲಿ.

ಗುಟ್ಟು ಕಾಪಾಡುವ ಬಗ್ಗೆಯೂ ಕೇಳುತ್ತಾರೆ. ರೋಗಿಯ ರೋಗ ಏನು ಅಂತ ಪಕ್ಕದ ಬೆಡ್‌ನವರಿಗೆ ಹೇಳಬಾರದು, ಊರಿನವರೇ ಆಗಿದ್ದರೂ ಸಹ. ವಾರ್ಡ್‌ನಲ್ಲಿ ಸೆಲ್ಫಿ, ಸ್ಟೇಟಸ್ ಬೇಡವೇ ಬೇಡ.

ಪರೀಕ್ಷೆಯ ದಿನ, ಆಮೇಲೆ

ಉಗುರು ಕತ್ತರಿಸಿ, ಬಳೆ, ಉಂಗುರ, ವಾಚು ತೆಗೆದಿಡಿ. ಕೂದಲು ಕಟ್ಟಿ, ಯೂನಿಫಾರಂ ಒಗೆದು ಇಸ್ತ್ರಿ ಮಾಡಿರಿ. ಸೆಕೆಂಡ್ ಮುಳ್ಳಿರುವ ವಾಚು ಜೇಬಲ್ಲಿರಲಿ. ಮೂಲ ಆಧಾರ್ ತನ್ನಿ. ಸೆಂಟರ್ ಮೈಸೂರಿನಲ್ಲಿದ್ದು ನೀವು ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ ಕಡೆಯಿಂದ ಬರುವುದಾದರೆ ಕೊನೆಯ ರೈಲನ್ನು ನಂಬಬೇಡಿ, ಅದಕ್ಕಿಂತ ಮುಂಚಿನದ್ದನ್ನು ಹಿಡಿಯಿರಿ. ಪ್ರಾಕ್ಟಿಕಲ್ ಮಧ್ಯೆ ಒಂದು ಹಂತ ತಪ್ಪಿದ್ದು ಗೊತ್ತಾದರೆ ನಿಲ್ಲಿ, "ಇದನ್ನು ಬಿಟ್ಟಿದ್ದೆ, ಈಗ ಸರಿಪಡಿಸುತ್ತೇನೆ" ಅಂತ ಹೇಳಿ ಮಾಡಿ. ಮುಚ್ಚಿಡುವುದಕ್ಕಿಂತ ಅದೇ ಒಳ್ಳೆಯದು. ಗೊಂಬೆಯ ಮೇಲೆ ಮಾಡುವುದಾದರೂ ಗೊಂಬೆಯ ಜೊತೆ ಮಾತಾಡಿ.

ಪಾಸಾದರೆ ಸರ್ಟಿಫಿಕೇಟನ್ನು ಡಿಜಿಲಾಕರ್‌ನಲ್ಲೂ ಹುಡುಕಿ ಇಟ್ಟುಕೊಳ್ಳಿ. ಫೇಲಾದರೆ ಮತ್ತೆ ಪರೀಕ್ಷೆ ಯಾವಾಗ ಅಂತ ಸೆಂಟರ್‌ನಲ್ಲಿ ಆ ವಾರವೇ ಕೇಳಿ, ಮುಂದೂಡಬೇಡಿ. ಅಮೆರಿಕಕ್ಕೆ ಹೋಗಿ ನರ್ಸಿಂಗ್ ಅಸಿಸ್ಟೆಂಟ್ ಆಗಬಹುದಾ ಅಂತ ಕೆಲವರು ಕೇಳುತ್ತಾರೆ. ಅಲ್ಲಿಯದು ಬೇರೆ ಪರೀಕ್ಷೆ. 1987ರ ಅಲ್ಲಿನ ಕಾನೂನಿನಂತೆ ಕನಿಷ್ಠ 75 ಗಂಟೆ ತರಬೇತಿ, ಲಿಖಿತ ಅಥವಾ ಮೌಖಿಕ ಪರೀಕ್ಷೆ, ಕೌಶಲ್ಯ ಪರೀಕ್ಷೆ ಮತ್ತು ಆಯಾ ರಾಜ್ಯದ ನೋಂದಣಿ ಬೇಕು. ನಮ್ಮ ಜಿಡಿಎ ಸರ್ಟಿಫಿಕೇಟ್ ನೇರವಾಗಿ ಅಲ್ಲಿ ನಡೆಯುವುದಿಲ್ಲ. ಏಜೆಂಟ್ ಹೇಳಿದ ಅಂತ ದುಡ್ಡು ಕೊಡಬೇಡಿ.

ಕೆಲಸಕ್ಕೆ ಸೇರುವ ಮುಂಚೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಮೊದಲನೆಯದಾದ ಆರು ತಿಂಗಳಿಗೆ ಮೂರನೆಯದು. ಕೋರ್ಸ್ ಸೇರಿದ ವಾರವೇ ಶುರು ಮಾಡಿದರೆ ವಾರ್ಡ್‌ಗೆ ಕಾಲಿಡುವ ಹೊತ್ತಿಗೆ ಎರಡು ಡೋಸ್ ಆದರೂ ಆಗಿರುತ್ತದೆ. ಯಾವತ್ತಾದರೂ ಸೂಜಿ ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಬೈಯುತ್ತಾರೆ ಅಂತ ಹೆದರಿ ಸುಮ್ಮನಿರಬೇಡಿ. ಎಚ್‌ಐವಿ ತಡೆಯುವ ಔಷಧವನ್ನು ಎಷ್ಟು ಬೇಗ ಆದರೆ ಅಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ ಶುರು ಮಾಡಬೇಕು. ಹಾಗಾಗಿ ಅದೇ ಗಳಿಗೆಯಲ್ಲಿ ಸಿಸ್ಟರ್‌ಗೆ ಹೇಳಿ, ರಿಜಿಸ್ಟರ್‌ನಲ್ಲಿ ಬರೆಸಿ.